ಭಾರದ ಡಿಟೆಕ್ಟರ್ ಹಿಡಿದು ದಿನವಿಡೀ ನಡೆಯಬೇಕೇ? ಮೈಯನ್ನು ಹೀಗೆ ಸಜ್ಜು ಮಾಡಿಕೊಳ್ಳಿ

ಆಸ್ಟ್ರೇಲಿಯಾದಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ವಾರಾಂತ್ಯಕ್ಕೆ ಮೆಟಲ್ ಡಿಟೆಕ್ಟರ್ (ಲೋಹ ಪತ್ತೆಹಚ್ಚುವ ಯಂತ್ರ) ಹಿಡಿದು ಚಿನ್ನ ಹುಡುಕಲು ಹೋಗುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದಿದೆ. "ದೊಡ್ಡ ಡಿಟೆಕ್ಟರ್ ತಗೊಂಡೆ. ಮೂರು ಗಂಟೆ ಬೀಸುವಷ್ಟರಲ್ಲಿ ಭುಜ ಸೆಟೆದುಕೊಂಡಿತು, ಮರುದಿನ ಮೊಣಕೈ ಎತ್ತಲಾಗಲಿಲ್ಲ. ಜಿಮ್‌ಗೆ ಸೇರಬೇಕಾ?"

ಜಿಮ್ ಆಮೇಲೆ ನೋಡೋಣ. ಮೊದಲು ಡಿಟೆಕ್ಟರಿನ ಭಾರವನ್ನು ತೋಳಿನಿಂದ ಸೊಂಟಕ್ಕೆ ಇಳಿಸಬೇಕು. ಆಮೇಲೆ ಬೀಸುವ ರೀತಿಯನ್ನು ಸರಿಪಡಿಸಿಕೊಳ್ಳಬೇಕು. ವ್ಯಾಯಾಮದ ಸರದಿ ಮೂರನೆಯದು. ಈ ಕ್ರಮವನ್ನು ತಲೆಕೆಳಗು ಮಾಡಿದವರು ಎಷ್ಟು ದಂಡ ಹೊಡೆದರೂ ನೋವು ಬಿಡುವುದಿಲ್ಲ.

ಇಲ್ಲಿ ಹೇಳುವುದೆಲ್ಲ ವಿಕ್ಟೋರಿಯಾದ ಡನೋಲಿ, ಟಾರ್ನಗುಲ್ಲಾ, ವೆಡ್ಡರ್‌ಬರ್ನ್ ಸುತ್ತಲಿನ ಮತ್ತು ಪಶ್ಚಿಮ ಆಸ್ಟ್ರೇಲಿಯಾದ ಕಲ್ಗೂರ್ಲಿ, ಲಿಯೊನೊರಾ ಕಡೆಯ ಚಿನ್ನದ ನೆಲದಲ್ಲಿ ಪಲ್ಸ್ ಇಂಡಕ್ಷನ್ ಅಥವಾ ಅಂಥದೇ ಮಾದರಿಯ ದೊಡ್ಡ ಯಂತ್ರ ಬಳಸುವವರಿಗಾಗಿ. (ನೆಲಕ್ಕೆ ವಿದ್ಯುತ್ಕಾಂತೀಯ ಮಿಡಿತ ಕಳಿಸಿ, ಲೋಹದಿಂದ ಮರಳುವ ಕ್ಷೀಣ ಪ್ರತಿಕ್ರಿಯೆಯನ್ನು ಕೇಳಿಸಿಕೊಳ್ಳುವ ಯಂತ್ರ ಇದು.) ಎರಡೂ ರಾಜ್ಯಗಳಲ್ಲಿ ಮೈನರ್ಸ್ ರೈಟ್ ಎಂಬ ಪರವಾನಗಿ ಬೇಕು. ಅದಿದ್ದರೂ ಎಲ್ಲ ಜಾಗದಲ್ಲೂ ಅಗೆಯುವಂತಿಲ್ಲ, ಹೊರಡುವ ಮುನ್ನ ನಕ್ಷೆ ನೋಡಿಕೊಳ್ಳಿ. ಕರ್ನಾಟಕದಲ್ಲಿ ಕುಳಿತು ಓದುತ್ತಿರುವವರಿಗೆ ಒಂದು ಮಾತು: ನಮ್ಮಲ್ಲಿ ರಕ್ಷಿತ ಸ್ಮಾರಕಗಳ ಜಾಗದಲ್ಲಿ ಅಗೆಯುವುದು ಅಪರಾಧ, ಸಿಕ್ಕ ನಿಧಿಯನ್ನು ಸರ್ಕಾರಕ್ಕೆ ತಿಳಿಸಲೇಬೇಕು. ನಿಧಿ ಹುಡುಕಾಟಕ್ಕೆ ಈ ಲೇಖನವನ್ನು ಬಳಸಬೇಡಿ.

1. ಹೊರುತ್ತಿರುವುದು ಎಷ್ಟು? ತೂಗಿ ನೋಡಿ

ಮೈನ್‌ಲ್ಯಾಬ್ ಕಂಪನಿಯ ಜಿಪಿಜಡ್ 7000 ಯಂತ್ರದ ತೂಕ 3.3 ಕೆ.ಜಿ. ಜಿಪಿಎಕ್ಸ್ 5000ರದ್ದು ಬ್ಯಾಟರಿ ಬಿಟ್ಟು 2.4 ಕೆ.ಜಿ. ಅದರ ಬ್ಯಾಟರಿ ಬೆನ್ನ ಮೇಲೆ ಕೂರುತ್ತದೆ. ಇದಕ್ಕೆ ಹಾರ್ನೆಸ್ (ಹೆಗಲಿಗೂ ಸೊಂಟಕ್ಕೂ ಕಟ್ಟುವ ಪಟ್ಟಿಗಳ ಕಟ್ಟು), ಎರಡು ಕೆ.ಜಿ. ಪಿಕಾಸಿ, ಮೂರು ಲೀಟರ್ ನೀರು, ಪ್ರಥಮ ಚಿಕಿತ್ಸೆಯ ಚೀಲ, ರೇಡಿಯೊ ಸೇರಿಸಿ. ಹತ್ತು ಕೆ.ಜಿ. ಸುಲಭವಾಗಿ ಆಗುತ್ತದೆ. ಎಲ್ಲವನ್ನೂ ಕಟ್ಟಿಕೊಂಡು ಮನೆಯ ತೂಕದ ಯಂತ್ರದ ಮೇಲೆ ನಿಂತು, ಬರಿಮೈ ತೂಕವನ್ನು ಕಳೆದು ನೋಡಿ.

ಒಟ್ಟು ತೂಕಕ್ಕಿಂತ ಮುಖ್ಯವಾದದ್ದು ತೂಕ ಎಲ್ಲಿದೆ ಎಂಬುದು. ಕಾಯಿಲ್ (ನೆಲದ ಮೇಲೆ ಆಡಿಸುವ ತಟ್ಟೆ) 800 ಗ್ರಾಂ ಇದೆ, ಹಿಡಿಯಿಂದ 90 ಸೆಂ.ಮೀ. ಮುಂದಿದೆ, ಮುಂಗೈ ಕೂರುವ ಕಪ್ ಹಿಡಿಯಿಂದ 30 ಸೆಂ.ಮೀ. ಹಿಂದಿದೆ ಎಂದುಕೊಳ್ಳಿ. ಮೂತಿ ಕೆಳಗೆ ಬೀಳದಂತೆ ತಡೆಯಲು ಮುಂಗೈ ಕಪ್ಪನ್ನು 2.4 ಕೆ.ಜಿ.ಯಷ್ಟು ಅದುಮಬೇಕು, ಹಿಡಿಯಲ್ಲಿರುವ ಅಂಗೈ 3.2 ಕೆ.ಜಿ. ಎತ್ತಬೇಕು. ಇದು ಕಾಯಿಲ್ ಒಂದರ ಲೆಕ್ಕ. ಅಂದರೆ ಕಾಯಿಲ್ ತುದಿಗೆ ಸೇರುವ ಪ್ರತಿ 100 ಗ್ರಾಂ ನಿಮ್ಮ ಅಂಗೈಗೆ 400 ಗ್ರಾಂ ಆಗಿ ಬರುತ್ತದೆ.

ಹಾಗಾಗಿ ಕಾಯಿಲ್ ಅಡಿಯ ಪ್ಲಾಸ್ಟಿಕ್ ಕವಚವನ್ನು ಆಗಾಗ ಬಿಚ್ಚಿ ಕೊಡವಿ. ಅದರೊಳಗೆ ಸೇರುವ ಮಣ್ಣು, ಜಲ್ಲಿಪುಡಿ ಕಾಲು ಕೆ.ಜಿ.ಯಾದರೆ ಅಂಗೈಗೆ ಒಂದು ಕೆ.ಜಿ. ಹೆಚ್ಚುವರಿ ಹೊರೆ. ಆ ಪುಡಿಯಲ್ಲಿ ಕಬ್ಬಿಣದಂಶ ಇದ್ದರೆ ಸುಳ್ಳು ಸದ್ದೂ ಬರುತ್ತದೆ. 18 ಇಂಚಿನ ಕಾಯಿಲ್ ಬಯಲು ನೆಲಕ್ಕೆ ಚೆನ್ನ. ಮೈ ಪಳಗುವ ತನಕ 11 ಇಂಚಿನದರಲ್ಲೇ ಇರಿ.

2. ಹಾರ್ನೆಸ್ ಕಟ್ಟುವ ಕ್ರಮ

ಬಹಳ ಜನ ಹೆಗಲ ಪಟ್ಟಿಯನ್ನು ಮೊದಲು ಬಿಗಿದು ಸೊಂಟದ್ದನ್ನು ಕೊನೆಗೆ ಹಾಕುತ್ತಾರೆ. ಹಾಗೆ ಕಟ್ಟಿದರೆ ಭಾರವೆಲ್ಲ ಹೆಗಲಿನಲ್ಲೇ ನಿಲ್ಲುತ್ತದೆ. ಸರಿಯಾದ ಕ್ರಮ ಇದು:

ಎಲ್ಲ ಪಟ್ಟಿಗಳನ್ನೂ ಸಡಿಲ ಮಾಡಿ ತೊಡಿ. ಪಕ್ಕದಲ್ಲಿ ಕೈಯಿಟ್ಟರೆ ಸಿಗುವ ಸೊಂಟದ ಮೂಳೆಯ ಏಣನ್ನು ಗುರುತಿಸಿ, ಸೊಂಟದ ಪಟ್ಟಿಯ ಮಧ್ಯಭಾಗ ಆ ಏಣಿನ ಮೇಲೆ ಕೂರುವಂತೆ ಬಿಗಿಯಿರಿ. ಹೊಟ್ಟೆಯ ಮೇಲೆ ಕಟ್ಟಿದರೆ ಅರ್ಧ ಗಂಟೆಯಲ್ಲಿ ಜಾರುತ್ತದೆ. ಆಮೇಲೆ ಹೆಗಲ ಪಟ್ಟಿಗಳನ್ನು ಎಳೆಯಿರಿ, ಪಟ್ಟಿಗೂ ಹೆಗಲಿಗೂ ನಡುವೆ ಎರಡು ಬೆರಳು ತೂರುವಷ್ಟು ಸಡಿಲ ಇರಲಿ. ಎದೆಯ ಪಟ್ಟಿ ಕೊನೆಗೆ, ಉಸಿರು ತುಂಬ ಎಳೆದುಕೊಂಡಾಗ ಬಿಗಿಯಾಗದಷ್ಟು.

ಪ್ರೊ-ಸ್ವಿಂಗ್ 45 ಥರದ ಹಾರ್ನೆಸ್ ಆದರೆ ಜೊತೆಗೆ ಜೆ-ಸ್ಟ್ರಟ್ ಬಂದಿರುತ್ತದೆ. ಇದು ಸೊಂಟದ ಪಟ್ಟಿಯಿಂದ ಹೆಗಲಿನ ತನಕ ಬೆನ್ನ ಹಿಂದೆ ನಿಲ್ಲುವ ಬಾಗಿದ ಕಡ್ಡಿ. ಬಂಜಿ (ಡಿಟೆಕ್ಟರನ್ನು ತೂಗುಹಾಕುವ ರಬ್ಬರ್ ಹಗ್ಗ) ಹೆಗಲನ್ನು ಕೆಳಗೆಳೆಯುವ ಭಾರವನ್ನು ಇದು ಸೊಂಟಕ್ಕೆ ದಾಟಿಸುತ್ತದೆ. "ಚುಚ್ಚುತ್ತೆ" ಎಂದು ಇದನ್ನು ಡಬ್ಬದಲ್ಲೇ ಬಿಡುವವರು ಬಹಳ. ದಯವಿಟ್ಟು ಹಾಕಿ. ಹೆಗಲಿಗೂ ಕುತ್ತಿಗೆಗೂ ಇದರಷ್ಟು ಉಪಕಾರ ಮಾಡುವ ಬಿಡಿಭಾಗ ಬೇರೆ ಇಲ್ಲ. ಚುಚ್ಚುತ್ತಿದ್ದರೆ ಸೊಂಟದ ಪಟ್ಟಿ ಕೆಳಗೆ ಜಾರಿದೆ ಎಂದೇ ಅರ್ಥ, ಮೊದಲು ಅದನ್ನು ಮೇಲಕ್ಕೆ ತನ್ನಿ.

ಈಗ ಬಂಜಿಯ ಉದ್ದ. ಸಮನೆಲದ ಮೇಲೆ ನೆಟ್ಟಗೆ ನಿಂತು, ಡಿಟೆಕ್ಟರ್ ತಗುಲಿಸಿ, ಹಿಡಿಯಿಂದ ಕೈ ಬಿಡಿ. ಕಾಯಿಲ್ ನೆಲದಿಂದ ಎರಡು ಮೂರು ಸೆಂ.ಮೀ. ಮೇಲೆ ತಾನಾಗಿ ತೂಗುತ್ತಿರಬೇಕು. ನೆಲಕ್ಕೆ ತಾಗಿದರೆ ಬಂಜಿ ಉದ್ದವಾಗಿದೆ, ಉಳಿದ ಭಾರವನ್ನು ತೋಳು ಎತ್ತುತ್ತಿದೆ. ಒಂದು ಗೇಣು ಮೇಲೆ ನಿಂತರೆ ಬಂಜಿ ಗಿಡ್ಡ. ಆಗ ದಿನವಿಡೀ ಕಾಯಿಲನ್ನು ಕೆಳಗೆ ಒತ್ತುತ್ತಲೇ ಇರಬೇಕಾಗುತ್ತದೆ, ಮುಂಗೈ ನೋವಿಗೆ ಇದೂ ಒಂದು ಕಾರಣ. ಬಂಜಿ ಹಳತಾದಂತೆ ಹಿಗ್ಗುವುದರಿಂದ ಪ್ರತಿ ಸಲ ಹೊರಡುವ ಮುನ್ನ ಈ ಪರೀಕ್ಷೆ ಮಾಡಿ.

ಶಾಫ್ಟ್ (ಡಿಟೆಕ್ಟರಿನ ಕೋಲು) ಉದ್ದಕ್ಕೂ ಒಂದು ಅಳತೆ ಇದೆ. ಬೆನ್ನು ಬಾಗಿಸದೆ, ಮೊಣಕೈ ಸ್ವಲ್ಪವೇ ಮಡಿಸಿ ನಿಂತಾಗ ಕಾಯಿಲ್ ಕಾಲ್ಬೆರಳಿನಿಂದ 30ರಿಂದ 40 ಸೆಂ.ಮೀ. ಮುಂದೆ ನೆಲಕ್ಕೆ ಚಪ್ಪಟೆಯಾಗಿ ಕೂರಬೇಕು. ಮುಂದಕ್ಕೆ ಬಗ್ಗಬೇಕಾದರೆ ಶಾಫ್ಟ್ ಗಿಡ್ಡ, ಇದು ಸೊಂಟ ಹಿಡಿಸುತ್ತದೆ. ಅತಿ ಉದ್ದವಾದರೆ ಮೇಲೆ ಹೇಳಿದ ಲೆಕ್ಕದಂತೆ ಅಂಗೈಗೆ ಭಾರ ಏರುತ್ತದೆ. ಕಪ್ಪಿನ ಹಿಂಬದಿ ಅಂಚು ಮೊಣಕೈ ಮೂಳೆಯನ್ನು ಉಜ್ಜಬಾರದು, ಎರಡು ಬೆರಳು ಮುಂದಿರಲಿ.

ಎಚ್ಚರಿಕೆ: ನೀರಿನ ಚೀಲವನ್ನು ಹಾರ್ನೆಸ್ ಮೇಲೆ ಬೇರೆಯಾಗಿ ಬೆನ್ನಿಗೆ ಹಾಕಿಕೊಂಡರೆ ಎರಡು ಜೊತೆ ಹೆಗಲ ಪಟ್ಟಿಗಳು ಒಂದರ ಮೇಲೊಂದು ಕೂತು ಕೈ ಜೋಮು ಹಿಡಿಯುತ್ತದೆ. ನೀರಿನ ಚೀಲವನ್ನು ಹಾರ್ನೆಸ್ಸಿನ ಬೆನ್ನಿಗೇ ಕಟ್ಟಿ. ಉಕ್ಕಿನ ಮೂತಿಯ ಬೂಟು ಬೇಡ, ಕಾಯಿಲ್ ಹತ್ತಿರ ಬಂದಾಗಲೆಲ್ಲ ಅರಚುತ್ತದೆ ಮತ್ತು ನೀವು ಅದರಿಂದ ತಪ್ಪಿಸಲು ಕೈಯನ್ನು ಇನ್ನಷ್ಟು ಮುಂದೆ ಚಾಚುತ್ತೀರಿ. ಕಂಪೋಸಿಟ್ (ಲೋಹವಿಲ್ಲದ) ಮೂತಿಯದು ಕೊಳ್ಳಿ.

3. ಬೀಸುವುದು ಕಾಲಿನಿಂದ, ಮಣಿಕಟ್ಟಿನಿಂದಲ್ಲ

ಒಂದು ಬೀಸಿಗೆ ಮೂರು ಸೆಕೆಂಡ್ ಎಂದರೆ ನಿಮಿಷಕ್ಕೆ 20, ಗಂಟೆಗೆ 1,200, ಐದು ಗಂಟೆಗೆ 6,000. ಇಷ್ಟು ಸಲ ಮಣಿಕಟ್ಟು ತಿರುಚಿದರೆ ಯಾವ ಕಟ್ಟುಮಸ್ತಾದ ಕೈಯೂ ಉಳಿಯದು.

ಪಾದಗಳು ಹೆಗಲಷ್ಟೇ ಅಗಲ, ಮೊಣಕಾಲು ಬಿಗಿಯದೆ ತುಸು ಸಡಿಲ. ಭಾರವನ್ನು ಎಡಗಾಲಿನಿಂದ ಬಲಗಾಲಿಗೆ ದಾಟಿಸಿ, ಸೊಂಟ ತಿರುಗಲಿ, ಎದೆ ಅದನ್ನು ಹಿಂಬಾಲಿಸಲಿ. ಮೊಣಕೈ ಪಕ್ಕೆಗೆ ಹತ್ತಿರವೇ ಇರಲಿ. ಹಿಡಿಯನ್ನು ಮುಷ್ಟಿ ಬಿಗಿದು ಹಿಡಿಯಬೇಡಿ, ಬೆರಳುಗಳು ಆಡುವಷ್ಟು ಸಡಿಲವಾಗಿ ಹಿಡಿಯಿರಿ. ಬೀಸಿನ ಅಗಲ ಒಂದು ಮೀಟರ್, ಹೆಚ್ಚೆಂದರೆ 1.2. ಪ್ರತಿ ಬೀಸಿಗೆ ಅರ್ಧ ಕಾಯಿಲ್‌ನಷ್ಟು ಮುಂದೆ ಸರಿಯಿರಿ.

ಅಗಲ ಬೀಸಿದರೆ ಬೇಗ ಮುಗಿಯುತ್ತದೆ ಅನ್ನಿಸುತ್ತದೆ. ಆದರೆ ತೋಳು ಚಾಚಿದಷ್ಟೂ ಬೀಸಿನ ಎರಡು ತುದಿಗಳಲ್ಲಿ ಕಾಯಿಲ್ ಮೇಲೇಳುತ್ತದೆ. ಚಿನ್ನದ ಸಣ್ಣ ಗಟ್ಟಿಯಿಂದ ಬರುವ ಪ್ರತಿಕ್ರಿಯೆ ದೂರ ಹೆಚ್ಚಿದಂತೆ ಬಹಳ ಬೇಗ ಕುಸಿಯುವುದರಿಂದ ತುದಿಯಲ್ಲಿ ಐದು ಸೆಂ.ಮೀ. ಎದ್ದರೂ ಅಲ್ಲಿನ ಚಿನ್ನ ಅಲ್ಲೇ ಉಳಿಯುತ್ತದೆ. ದಣಿದವರ ಕಾಯಿಲ್ ಹೀಗೆಯೇ ಏಳುತ್ತದೆ. ದೇಹಬಲದ ಬಗ್ಗೆ ಇಷ್ಟೊಂದು ಹೇಳುತ್ತಿರುವುದು ನೋವಿನ ಕಾರಣಕ್ಕೆ ಮಾತ್ರವಲ್ಲ. ದಣಿದ ಮೇಲೆ ನಡೆದ ನೆಲವನ್ನು ಹುಡುಕಿದ ನೆಲ ಎಂದು ಲೆಕ್ಕ ಹಾಕುವಂತಿಲ್ಲ.

ಎರಡೂ ಕೈ ಕಲಿಯಿರಿ. ಬಂಜಿಯ ಕೊಕ್ಕೆಯನ್ನು ಇನ್ನೊಂದು ಬದಿಗೆ ಹಾಕಿ, ಪ್ರತಿ 20–30 ನಿಮಿಷಕ್ಕೊಮ್ಮೆ ಕೈ ಬದಲಿಸಿ. ಮೊದಲ ಕೆಲವು ದಿನ ಎಡಗೈ ಬೀಸು ಒರಟಾಗಿರುತ್ತದೆ, ಆಮೇಲೆ ಹೊಂದಿಕೊಳ್ಳುತ್ತದೆ. ನೋಯಲು ಶುರುವಾದ ಮೇಲೆ ಬದಲಿಸುವುದು ತಡವಾಯಿತು ಎಂದೇ ತಿಳಿಯಿರಿ. ಜಿಪಿಜಡ್ ಇದ್ದವರು ಗೈಡ್ ಆರ್ಮ್ (ಶಾಫ್ಟಿಗೆ ಸಿಕ್ಕಿಸಿ ಇನ್ನೊಂದು ಕೈಯಲ್ಲಿ ಹಿಡಿಯುವ ಕಡ್ಡಿ) ಬಳಸಿದರೆ ಕಾಯಿಲನ್ನು ಅತ್ತಿತ್ತ ತಳ್ಳುವ ಕೆಲಸ ಎರಡೂ ಕೈಗೆ ಹಂಚಿಹೋಗುತ್ತದೆ.

4. ನಿಮ್ಮ ದೇಹ ಈಗ ಎಲ್ಲಿದೆ?

ನಲವತ್ತು ದಾಟಿದವರು, ಬಿ.ಪಿ., ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇರುವವರು ಮೊದಲು ವೈದ್ಯರನ್ನು ಕಾಣಿ. ಪೇಸ್‌ಮೇಕರ್ ಇದ್ದರೆ ಇನ್ನೊಂದು ವಿಷಯ: ಚಿನ್ನ ಹುಡುಕುವವರ ಪಿಕಾಸಿಯಲ್ಲಿ ಮೊಳೆ, ಕಬ್ಬಿಣದ ಚೂರು ಹೆಕ್ಕಲು ಬಲವಾದ ಆಯಸ್ಕಾಂತ ಇರುತ್ತದೆ. ಅದು ಎದೆಯ ಹತ್ತಿರ ಬರಕೂಡದು. ಡಿಟೆಕ್ಟರ್ ಬಳಸಬಹುದೇ ಎಂಬುದನ್ನೂ ನಿಮ್ಮ ಹೃದ್ರೋಗ ತಜ್ಞರಲ್ಲೇ ಕೇಳಬೇಕು.

ನಂತರ ಈ ಮೂರು ಪರೀಕ್ಷೆ. ಒಂದು, ಹತ್ತು ಲೀಟರ್ ನೀರಿನ ಬಕೆಟ್ ಒಂದೇ ಕೈಯಲ್ಲಿ ಹಿಡಿದು, ಮೈ ವಾಲದಂತೆ ಒಂದು ನಿಮಿಷ ನಡೆಯಿರಿ, ಆಮೇಲೆ ಇನ್ನೊಂದು ಕೈ. ಎರಡು, ಒಂದು ಮೊಣಕಾಲೂರಿ ಕುಳಿತು, ಕೈ ಊರದೆ ಎದ್ದು ನಿಲ್ಲಿ, ಪ್ರತಿ ಕಾಲಿಗೆ ಎಂಟು ಸಲ. ಮೂರು, ಪಕ್ಕಕ್ಕೆ ಮಲಗಿ ಮುಂಗೈ ಮತ್ತು ಪಾದದ ಮೇಲೆ ಮೈಯನ್ನು ನೆಟ್ಟಗೆ ಎತ್ತಿ (ಪಕ್ಕದ ಪ್ಲ್ಯಾಂಕ್) 20 ಸೆಕೆಂಡ್ ತಡೆಯಿರಿ. ಯಾವುದರಲ್ಲಿ ಸೋತಿರೋ ಅಲ್ಲಿಂದಲೇ ನಿಮ್ಮ ತಯಾರಿ ಶುರು.

5. ಎಂಟು ವಾರದ ತಯಾರಿ

ವಾರಕ್ಕೆ ಮೂರು ದಿನ, ದಿನಕ್ಕೆ 30–35 ನಿಮಿಷ. ಉಳಿದ ದಿನಗಳಲ್ಲಿ ಎರಡು ಮೂರು ಬಾರಿ 40 ನಿಮಿಷದ ನಡಿಗೆ, ಸಾಧ್ಯವಾದರೆ ಏರಿಳಿತದ ದಾರಿಯಲ್ಲಿ ಮತ್ತು ಗುಡ್ಡಕ್ಕೆ ಹಾಕುವ ಬೂಟಿನಲ್ಲೇ. ಬೇಕಾದ ಸಾಮಾನು: ಮುಚ್ಚಳವಿರುವ ಒಂದು ಬಕೆಟ್ ಅಥವಾ ಕ್ಯಾನ್, 5 ಮತ್ತು 10 ಕೆ.ಜಿ. ಅಕ್ಕಿ ಚೀಲ, ವ್ಯಾಯಾಮದ ರಬ್ಬರ್ ಬ್ಯಾಂಡ್, ಅರ್ಧ ಲೀಟರ್ ನೀರಿನ ಬಾಟಲಿ.

ಒಂಟಿಗೈ ಭಾರದ ನಡಿಗೆ. ಇದೊಂದನ್ನು ಮಾತ್ರ ಮಾಡಲು ಸಮಯವಿದ್ದರೆ ಇದನ್ನೇ ಮಾಡಿ. ಡಿಟೆಕ್ಟರ್ ಮಾಡುವುದೂ ಇದನ್ನೇ, ಒಂದು ಬದಿಗೆ ಭಾರ ತೂಗಿ ಬೆನ್ನನ್ನು ವಾಲಿಸಲು ನೋಡುತ್ತದೆ. 8 ಕೆ.ಜಿ.ಯಿಂದ ಆರಂಭಿಸಿ, ಪ್ರತಿ ಕೈಗೆ 40 ಸೆಕೆಂಡ್, ಮೂರು ಸುತ್ತು. ವಾರಕ್ಕೆ ಒಂದು ಕೆ.ಜಿ. ಏರಿಸುತ್ತಾ ಏಳನೇ ವಾರಕ್ಕೆ 14ಕ್ಕೆ ತನ್ನಿ. ಹೆಗಲು ಕಿವಿಯತ್ತ ಏರಬಾರದು.

ಪಕ್ಕದ ಪ್ಲ್ಯಾಂಕ್. ಪ್ರತಿ ಬದಿಗೆ 15 ಸೆಕೆಂಡ್, ಮೂರು ಸಲ. ನಿಧಾನವಾಗಿ 40ಕ್ಕೆ ಏರಿಸಿ. ಹೆಗಲು ನೋಯುವವರು ಗೋಡೆಗೆ ಮುಂಗೈ ಒರಗಿಸಿ ಮಾಡಬಹುದು.

ಸೊಂಟದಿಂದ ಬಾಗುವುದು. ಅಕ್ಕಿ ಚೀಲವನ್ನು ತೊಡೆಯ ಮುಂದೆ ಹಿಡಿದು, ಬೆನ್ನು ಗೂನಾಗದಂತೆ ಪೃಷ್ಠವನ್ನು ಹಿಂದಕ್ಕೆ ತಳ್ಳುತ್ತಾ ಬಾಗಿ, ಚೀಲ ಮೊಣಕಾಲು ದಾಟಿದ ಮೇಲೆ ಎದ್ದೇಳಿ. 5 ಕೆ.ಜಿ., ಹತ್ತು ಸಲ, ಮೂರು ಸುತ್ತು. ನಾಲ್ಕನೇ ವಾರದಿಂದ 10 ಕೆ.ಜಿ. ಪಿಕಾಸಿ ಹಿಡಿದಾಗ ಬೇಕಾಗುವುದು ಇದೇ ಚಲನೆ. ಉಸಿರು ಕಟ್ಟಬೇಡಿ, ಏಳುವಾಗ ಬಿಡಿ.

ಮೊಣಕಾಲೂರಿ ಏಳುವುದು. ಪ್ರತಿ ಕಾಲಿಗೆ ಎಂಟು, ಎರಡು ಸುತ್ತು. ಬಸ್ಕಿ ಹೊಡೆದು ಅಭ್ಯಾಸ ಇರುವವರೂ ಇದನ್ನು ಬಿಡಬೇಡಿ. ಕಾಡಿನಲ್ಲಿ ಸದ್ದು ಬಂದಾಗಲೆಲ್ಲ ನೀವು ಕೂರುವುದು ಒಂದೇ ಮೊಣಕಾಲ ಮೇಲೆ, ಏಳುವುದು ಒಂದೇ ಕಾಲಿನ ಬಲದಿಂದ.

ಬ್ಯಾಂಡ್ ಎಳೆತ. ಬ್ಯಾಂಡನ್ನು ಕಿಟಕಿ ಸರಳಿಗೆ ಎದೆಯ ಎತ್ತರದಲ್ಲಿ ಸಿಕ್ಕಿಸಿ, ಮೊಣಕೈಗಳನ್ನು ಪಕ್ಕೆಗೆ ಎಳೆದು ಬೆನ್ನ ರೆಕ್ಕೆಮೂಳೆಗಳನ್ನು ಹತ್ತಿರ ತನ್ನಿ. 12 ಸಲ, ಮೂರು ಸುತ್ತು. ಆಮೇಲೆ ಮೊಣಕೈ ಮತ್ತು ಪಕ್ಕೆಯ ನಡುವೆ ಮಡಿಸಿದ ಟವೆಲ್ ಇಟ್ಟು, ಮುಂಗೈಯನ್ನು ಬಾಗಿಲು ತೆರೆಯುವಂತೆ ಹೊರಕ್ಕೆ ತಿರುಗಿಸಿ, 15 ಸಲ, ಎರಡು ಸುತ್ತು. ಎರಡನೆಯದಕ್ಕೆ ತೆಳುವಾದ ಬ್ಯಾಂಡೇ ಸಾಕು, ಹೆಗಲಿನ ಒಳಗಿನ ಸಣ್ಣ ಸ್ನಾಯುಗಳು ಜಗ್ಗಾಟಕ್ಕೆ ಒಗ್ಗುವುದಿಲ್ಲ.

ಮಣಿಕಟ್ಟು ಇಳಿಸುವುದು. ಮುಂಗೈಯನ್ನು ಮೇಜಿನ ಮೇಲಿಟ್ಟು, ಅಂಗೈ ಕೆಳಮುಖವಾಗಿ ಬಾಟಲಿ ಹಿಡಿದು, ಇನ್ನೊಂದು ಕೈಯಿಂದ ಮೇಲಕ್ಕೆತ್ತಿ, ನಾಲ್ಕು ಎಣಿಸುತ್ತಾ ನಿಧಾನವಾಗಿ ಕೆಳಗಿಳಿಸಿ. 15 ಸಲ, ಎರಡು ಸುತ್ತು. ಮೊಣಕೈಯ ಹೊರಬದಿ ನೋವನ್ನು (ಟೆನಿಸ್ ಎಲ್ಬೋ) ದೂರವಿಡಲು ನೆರವಾಗುವುದು ಈ ಇಳಿಸುವ ಭಾಗ.

ಮೂರನೇ ವಾರದಿಂದ ಹಾರ್ನೆಸ್ ತೊಟ್ಟು ಹಿತ್ತಲಲ್ಲಿ ಬೀಸಿ. ಪ್ರತಿ ಕೈಗೆ ಹತ್ತು ನಿಮಿಷದಿಂದ ಶುರು, ವಾರಕ್ಕೆ ಮೂರು ನಿಮಿಷ ಹೆಚ್ಚಿಸಿ. ಯಂತ್ರ ಚಾಲೂ ಇರಬೇಕಿಲ್ಲ. ಎಂಟನೇ ವಾರ ಎಲ್ಲವನ್ನೂ ಅರ್ಧಕ್ಕಿಳಿಸಿ, ಪ್ರಯಾಣದ ಹಿಂದಿನ ಎರಡು ದಿನ ಭಾರ ಮುಟ್ಟಬೇಡಿ.

ಇಲ್ಲಿ ಹೆಚ್ಚಿನವರು ಎಡವುವುದು ಎರಡು ಕಡೆ. ಡಂಬೆಲ್ ತಗೊಂಡು ತೋಳಿನ ಮುಂಭಾಗವನ್ನಷ್ಟೇ ಬೆಳೆಸುತ್ತಾರೆ, ಆ ಸ್ನಾಯುವಿಗೆ ಈ ಕೆಲಸದಲ್ಲಿ ಪಾತ್ರ ಕಡಿಮೆ. ಅಥವಾ ಎರಡನೇ ವಾರ ಹುಮ್ಮಸ್ಸಿನಲ್ಲಿ ಭಾರವನ್ನು ದುಪ್ಪಟ್ಟು ಮಾಡುತ್ತಾರೆ. ಸ್ನಾಯು ಒಪ್ಪಿಕೊಂಡರೂ ಸ್ನಾಯುವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜು ಬಲವಾಗಲು ಹೆಚ್ಚು ಕಾಲ ಬೇಕು, ಕೈಕೊಡುವುದು ಅದೇ.

6. ಅಗೆಯುವಾಗ

ಬೀಸಿ ನೋಯುವುದಕ್ಕಿಂತ ಅಗೆದು ಬೆನ್ನು ಹಿಡಿಸಿಕೊಳ್ಳುವುದು ಸುಲಭ. ಸದ್ದು ಬಂದ ಮೇಲೆ ಡಿಟೆಕ್ಟರನ್ನು ಬಂಜಿಯಿಂದ ಬಿಚ್ಚಿ ಪಕ್ಕಕ್ಕಿಡಿ. ತಗುಲಿಸಿಕೊಂಡೇ ಬಗ್ಗಿದರೆ ಬೆನ್ನು ಒಂದೇ ಹೊತ್ತಿಗೆ ಬಾಗಿ ತಿರುಚಿಕೊಳ್ಳುತ್ತದೆ, ಡಿಸ್ಕಿಗೆ ಅದು ಬಹಳ ಕೆಟ್ಟದ್ದು. ಮೊದಲು ಮೇಲಿನ ಎಲೆ, ಜಲ್ಲಿಯನ್ನು ಬೂಟಿನಿಂದ ಸರಿಸಿ ಮತ್ತೊಮ್ಮೆ ಕಾಯಿಲ್ ಆಡಿಸಿ. ಎಷ್ಟೋ ಸಲ ಸದ್ದು ಜಾಗ ಬದಲಿಸಿರುತ್ತದೆ, ಆಗ ಅಗೆಯುವ ಕೆಲಸವೇ ಇಲ್ಲ.

ಎರಡೂ ಕೈಯಲ್ಲಿ ಹಿಡಿಯುವಷ್ಟು, 75–90 ಸೆಂ.ಮೀ. ಕಾವಿನ ಪಿಕಾಸಿ ಇರಲಿ. ಗಿಡ್ಡ ಕಾವಾದಷ್ಟೂ ಹೆಚ್ಚು ಬಗ್ಗಬೇಕು. ಹೆಗಲಿಗಿಂತ ಮೇಲೆ ಎತ್ತಬೇಡಿ, ಪಿಕಾಸಿಯ ಭಾರವೇ ಕೆಲಸ ಮಾಡಲಿ. ಹತ್ತು ಏಟಿಗೊಮ್ಮೆ ನಿಂತು, ಮಣ್ಣು ಎಳೆದು, ಮತ್ತೆ ಪರೀಕ್ಷಿಸಿ. ಮೊಣಕಾಲಿಗೆ ದಪ್ಪ ಪ್ಯಾಡ್ ಕಟ್ಟಿ, ವಿಕ್ಟೋರಿಯಾದ ಕ್ವಾರ್ಟ್ಜ್ ಚೂರುಗಳು ಪ್ಯಾಂಟು ಸೀಳುತ್ತವೆ. ಗುಂಡಿ ಮುಚ್ಚುವುದು ನಿಯಮ. ಅದನ್ನೂ ಬಗ್ಗದೆ, ನಿಂತುಕೊಂಡು ಪಿಕಾಸಿಯ ಬೆನ್ನಿನಿಂದ ಎಳೆದೇ ಮುಚ್ಚಬಹುದು.

7. ಹೋದ ದಿನ

ಗಾಡಿ ಇಳಿದ ಕೂಡಲೇ ಯಂತ್ರ ಎತ್ತಬೇಡಿ. ಎರಡು ಮೂರು ಗಂಟೆ ಡ್ರೈವ್ ಮಾಡಿ ಸೊಂಟ ಬಿಗಿದಿರುತ್ತದೆ. ಐದು ನಿಮಿಷ ನಡೆಯಿರಿ, ಸೊಂಟ ತಿರುಗಿಸಿ, ಕೈ ಸುತ್ತಿಸಿ, ಹತ್ತು ಬಸ್ಕಿ ಹೊಡೆಯಿರಿ. ನಂತರ 40 ನಿಮಿಷ ಹುಡುಕಾಟ, ಹತ್ತು ನಿಮಿಷ ಹಾರ್ನೆಸ್ ಬಿಚ್ಚಿ ವಿಶ್ರಾಂತಿ. ಮೊಬೈಲಿನಲ್ಲಿ ಅಲಾರಾಂ ಇಟ್ಟು ಅದನ್ನು ಯಂತ್ರದಿಂದ ದೂರ, ಬೆನ್ನ ಚೀಲದಲ್ಲಿಡಿ. ಮೊದಲ ಪ್ರವಾಸದಲ್ಲಿ ಒಟ್ಟು ಎರಡು ಗಂಟೆ ಸಾಕು, ಮುಂದಿನದರಲ್ಲಿ ಮೂರು.

ಬಿಸಿಲಲ್ಲಿ ಗಂಟೆಗೆ ಅರ್ಧ ಲೀಟರಿಗಿಂತ ಕಡಿಮೆ ನೀರು ಕುಡಿಯಬೇಡಿ, ಬಾಯಾರುವ ತನಕ ಕಾಯಬೇಡಿ. ಬಹಳ ಬೆವರಿದರೆ ಓಆರ್‌ಎಸ್ ಬೆರೆಸಿ (ಬಿ.ಪಿ., ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳಿ). ಮಜ್ಜಿಗೆ ಆ ಸೆಕೆಗೆ ಕೆಡುತ್ತದೆ. ಕಡಲೆಕಾಯಿ ಚಿಕ್ಕಿ, ಖರ್ಜೂರ ಕೆಡುವುದಿಲ್ಲ. ಪಶ್ಚಿಮ ಆಸ್ಟ್ರೇಲಿಯಾದ ಒಳನಾಡಿಗೆ ಏಪ್ರಿಲ್‌ನಿಂದ ಸೆಪ್ಟೆಂಬರ್ ನಡುವೆ ಮಾತ್ರ ಹೋಗಿ, ಬೇಸಿಗೆಯ ಅಲ್ಲಿನ ಬಿಸಿಲನ್ನು ಯಾವ ಕಸರತ್ತೂ ಗೆಲ್ಲದು. ಹಾವುಗಳಿಗಾಗಿ ಮೊಣಕಾಲ ತನಕ ಗೇಟರ್ (ದಪ್ಪ ಬಟ್ಟೆಯ ಕಾಲುಪಟ್ಟಿ), ಅಗಲದ ಎಲಾಸ್ಟಿಕ್ ಬ್ಯಾಂಡೇಜ್ ಮತ್ತು ಮೊಬೈಲ್ ಸಿಗದ ಕಡೆ ಉಪಗ್ರಹಕ್ಕೆ ಸಂಕೇತ ಕಳಿಸುವ ಪಿಎಲ್‌ಬಿ ಮೈಮೇಲೆಯೇ ಇರಲಿ, ಗಾಡಿಯಲ್ಲಲ್ಲ. ದಣಿದ ಕಾಲು ಎಡವುತ್ತದೆ. ಹಳೇ ಗಣಿ ಗುಂಡಿಗಳಿರುವ ಜಾಗವನ್ನು ಬೆಳಗ್ಗೆಯೇ ಮುಗಿಸಿ.

8. ಯಾವ ನೋವಿಗೆ ನಿಲ್ಲಿಸಬೇಕು

ಮರುದಿನ ತೊಡೆ, ಬೆನ್ನಿನ ಸ್ನಾಯುಗಳಲ್ಲಿ ಮಂದ ನೋವು ಇದ್ದು ಎರಡು ಮೂರು ದಿನದಲ್ಲಿ ಹೋದರೆ ಚಿಂತೆ ಇಲ್ಲ. ಮೊಣಕೈ ಹೊರಬದಿಯಲ್ಲಿ ಒತ್ತಿದರೆ ಚುಚ್ಚುವ ನೋವು, ಕಾಫಿ ಲೋಟ ಎತ್ತಲೂ ಕಷ್ಟವಾದರೆ, ಬೀಸುವುದನ್ನು ನಿಲ್ಲಿಸಿ ಫಿಸಿಯೋಥೆರಪಿಸ್ಟ್ ಕಾಣಿ. ರಾತ್ರಿ ಆ ಬದಿಗೆ ಮಲಗಲಾಗದ ಹೆಗಲು ನೋವು, ಬೆರಳುಗಳಲ್ಲಿ ಬಿಡದ ಜೋಮು ಇದ್ದರೂ ಹಾಗೆಯೇ. ಬೆಲ್ಟು ಬಿಗಿದು, ನೋವಿನ ಮಾತ್ರೆ ನುಂಗಿ ಇನ್ನೊಂದು ದಿನ ಹೋಗುವುದು ಎರಡು ವಾರದ ತೊಂದರೆಯನ್ನು ಆರು ತಿಂಗಳಿಗೆ ಎಳೆಯುತ್ತದೆ. ಬೆನ್ನು ನೋವು ಕಾಲಿಗಿಳಿದು ಕಾಲು ಸೋಲುತ್ತಿದ್ದರೆ, ತೊಡೆಸಂದಿಯಲ್ಲಿ ಸ್ಪರ್ಶ ಗೊತ್ತಾಗದಿದ್ದರೆ ಅಥವಾ ಮೂತ್ರದ ಹಿಡಿತ ತಪ್ಪಿದರೆ ಅದೇ ದಿನ ಆಸ್ಪತ್ರೆಗೆ. ಎದೆ ಬಿಗಿತ, ಎಡದವಡೆ ಅಥವಾ ತೋಳಿನ ನೋವನ್ನು "ಹಾರ್ನೆಸ್ ಬಿಗಿಯಾಗಿತ್ತು" ಎಂದುಕೊಳ್ಳಬೇಡಿ, 000ಗೆ (ಆಸ್ಟ್ರೇಲಿಯಾದ ತುರ್ತು ಸೇವೆ) ಕರೆ ಮಾಡಿ.

ಎಂಟು ವಾರ ಕ್ರಮವಾಗಿ ಮಾಡಿ, ಹಾರ್ನೆಸ್ ಸರಿಪಡಿಸಿಯೂ ಎರಡು ಗಂಟೆಗೆ ನೋವು ಬರುತ್ತಿದ್ದರೆ ಹಗುರ ಯಂತ್ರಕ್ಕೆ ಬದಲಾಯಿಸಿ. ಜಿಪಿಎಕ್ಸ್ 6000 ತೂಗುವುದು 2.1 ಕೆ.ಜಿ., ಸಣ್ಣ ಚಿನ್ನಕ್ಕೆ ಅದರ ಕಿವಿ ಬಹಳ ಚುರುಕು. 2.3 ಕೆ.ಜಿ.ಯ ಎಸ್‌ಡಿಸಿ 2300 ಮಡಚಿ ಚೀಲದೊಳಗೆ ಇಡಬಹುದಾದದ್ದು, ಅದರ ಎಂಟು ಇಂಚಿನ ಕಾಯಿಲ್ ಪೊದೆಗಳ ನಡುವೆ ಸಲೀಸಾಗಿ ನುಗ್ಗುತ್ತದೆ. ಆಳದ ಚಿನ್ನ ಕೆಲವು ತಪ್ಪಬಹುದು. ಆದರೆ ಹಗುರ ಯಂತ್ರದಲ್ಲಿ ನಾಲ್ಕು ಗಂಟೆ ಕಾಯಿಲ್ ನೆಲಕ್ಕಂಟಿಸಿ ನಡೆಯಬಲ್ಲಿರಾದರೆ, ಭಾರದ್ದನ್ನು ಹೊತ್ತು ಒಂದೂವರೆ ಗಂಟೆಗೆ ಸುಸ್ತಾಗುವುದಕ್ಕಿಂತ ನಿಮಗೆ ಅದೇ ಹೆಚ್ಚು ಕೊಡುತ್ತದೆ. ಕೊಳ್ಳುವ ಮುನ್ನ ಬಾಡಿಗೆಗೆ ತಂದು, ನಿಮ್ಮದೇ ಹಾರ್ನೆಸ್‌ಗೆ ತಗುಲಿಸಿ, ಒಂದಿಡೀ ಬೆಳಗು ಬೀಸಿ ನೋಡಿ.